ಹೊಳೆಯ ಲೆಕ್ಕ ಬರೆಯುವವರಾರು?

ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನ ಹೊಲಗಳ ಮೇಲೆ ಬಿದ್ದ ಮಳೆಯ ನೀರು ಎಲ್ಲಿಗೆ ಹೋಗುತ್ತದೆ? ಒಂದಂಶ ನೆಲದಲ್ಲಿ ಇಂಗುತ್ತದೆ, ಒಂದಂಶ ಆವಿಯಾಗುತ್ತದೆ, ಉಳಿದುದು ಹಳ್ಳಗಳನ್ನೂ ಕೆರೆಗಳನ್ನೂ ಹಾಯ್ದು, ತಗ್ಗನ್ನು ಅರಸುತ್ತ ಕಾವೇರಿಯ ಕಡೆಗೆ ಸಾಗುತ್ತದೆ. ಈ ಸೀಮೆಯ ನದಿಗಳೆಲ್ಲವೂ ಕಾವೇರಿಯ ಮಕ್ಕಳೇ. ಕಣ್ವ ನದಿ ಶಿಂಷೆಯನ್ನು ಸೇರುತ್ತದೆ, ಶಿಂಷೆ ಕಾವೇರಿಯನ್ನು ಸೇರುತ್ತದೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಮಾಗಡಿ, ರಾಮನಗರ, ಕನಕಪುರಗಳ ನೆಲವನ್ನು ಹಾಯ್ದು ಸಂಗಮದಲ್ಲಿ ಕಾವೇರಿಯೊಡನೆ ಕೂಡುತ್ತದೆ. ಹೀಗಿರುವುದರಿಂದ ಕಾವೇರಿಯ ಮಡುಗಳಲ್ಲಿ ವಾಸಿಸುವ ಮೀನಿಗೆ ಏನಾಯಿತು ಎಂಬ ಪ್ರಶ್ನೆ ಅಕ್ಕೂರಿನವರಿಗೆ ದೂರದ ಪ್ರಶ್ನೆಯಲ್ಲ.

ಆ ಮೀನುಗಳಲ್ಲಿ ಹಿರಿಯದು ಮಹಶೀರ್. ನಮ್ಮ ಜನ ಅದನ್ನು ಬಿಳಿಮೀನು ಎಂದೂ, ದೇವಾಲಯಗಳ ಬಳಿಯಲ್ಲಿ ದೇವರಮೀನು ಎಂದೂ ಕರೆಯುತ್ತಾರೆ. ೧೯೪೬ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿ ನದಿಯಲ್ಲಿ ಗಾಳಕ್ಕೆ ಹಿಡಿದ ಮಹಶೀರ್ ೧೨೦ ಪೌಂಡು, ಎಂದರೆ ಸುಮಾರು ೫೪ ಕಿಲೋಗ್ರಾಂ ತೂಗಿತು. ಒಬ್ಬ ಸಾಧಾರಣ ವಿದ್ಯಾರ್ಥಿಯ ತೂಕದಷ್ಟು ಮೀನು! ಕಟ್ಲ, ರೋಹು ಮೊದಲಾದ ಮೀನುಗಳಿಗೆ ಹೋಲಿಸಿದರೆ ಮಹಶೀರ್ ಇಡುವ ಮೊಟ್ಟೆಗಳು ಕಡಮೆ. ಮೊಟ್ಟೆಯಿಡಲು ಅದಕ್ಕೆ ಹರಿಯುವ ತಿಳಿನೀರೂ ಬೆಣಚುಕಲ್ಲಿನ ತಳವೂ ಬೇಕು. ಅದು ದೊಡ್ಡದಾಗಲು ವರ್ಷಾನುವರ್ಷಗಳು ಹಿಡಿಯುತ್ತವೆ. ಆದುದರಿಂದ ಒಮ್ಮೆ ಕುಗ್ಗಿದ ಸಂತತಿ ಬೇಗನೆ ಚೇತರಿಸಿಕೊಳ್ಳಲಾರದು.

ಗಾಳ ಹಾಕುವವರೇ ಕಾವಲುಗಾರರಾದುದು

ಈ ಮೀನಿಗೆ ದೊಡ್ಡ ಶತ್ರು ತೋಟೆ. ಮಡುವಿನಲ್ಲಿ ತೋಟೆ ಸಿಡಿಸಿದಾಗ ಉಂಟಾಗುವ ಒತ್ತಡದ ಅಲೆ ನೀರಿನಲ್ಲಿ ಅತಿ ವೇಗವಾಗಿ ಹರಡಿ, ಮೀನಿನ ಒಡಲೊಳಗಿನ ಗಾಳಿಚೀಲವನ್ನು ಒಡೆದುಬಿಡುತ್ತದೆ. ದೊಡ್ಡದು, ಮರಿ ಎಂಬ ಭೇದವಿಲ್ಲದೆ ಎಲ್ಲವೂ ಸಾಯುತ್ತವೆ. ಸತ್ತವುಗಳಲ್ಲಿ ಕೆಲವು ಮಾತ್ರ ತೇಲಿ ಕೈಗೆ ಸಿಕ್ಕುತ್ತವೆ. ಉಳಿದವು ತಳ ಸೇರಿ ಕೊಳೆಯುತ್ತವೆ.

ಇದನ್ನು ತಡೆಯಲು ಮುಂದೆ ಬಂದವರಲ್ಲಿ ಗಾಳದ ಹವ್ಯಾಸಿಗಳು ಮುಖ್ಯರು. ೧೯೭೨ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಎಂಬ ಸಂಘವು ಕಾವೇರಿಯ ಒಂದು ಭಾಗವನ್ನು ಸರ್ಕಾರದಿಂದ ಗುತ್ತಿಗೆಗೆ ಪಡೆದು, ದಡದಲ್ಲಿ ಕಾವಲುಗಾರರನ್ನಿಟ್ಟು, ಮಹಶೀರನ್ನು ರಕ್ಷಿಸಲು ತೊಡಗಿತು. ಕೊಡಗಿನಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯು ವಾಲ್ನೂರಿನ ಬಳಿ ಇಂತಹುದೇ ಕಾರ್ಯವನ್ನು ಕೈಗೊಂಡಿತು. ಮುಂದೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಗಾಳದ ಬಿಡಾರಗಳು ಎದ್ದವು. ರಾಗಿಹಿಟ್ಟಿನ ಉಂಡೆಯನ್ನು ಗಾಳಕ್ಕೆ ಸಿಕ್ಕಿಸಿ, ಹರಿಗೋಲಿನಲ್ಲಿ ಕುಳಿತು ಮೀನು ಹಿಡಿಯುವುದು, ತೂಗಿ ನೋಡುವುದು, ಮತ್ತೆ ಜೀವಂತವಾಗಿ ಹೊಳೆಗೆ ಬಿಡುವುದು: ಇದು ಅಲ್ಲಿಯ ನಿಯಮ. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರೇ ಇಲ್ಲಿ ಮಾರ್ಗದರ್ಶಿಗಳೂ ಕಾವಲುಗಾರರೂ ಆದರು. ಸತ್ತ ಮೀನಿಗಿಂತ ಬದುಕಿದ ಮೀನಿನಿಂದಲೇ ಹೆಚ್ಚು ಲಾಭವೆಂಬುದು ಅವರಿಗೆ ಅನುಭವದಿಂದ ತಿಳಿದಿತ್ತು.

ಲೆಕ್ಕದ ಪುಸ್ತಕ ಹೇಳಿದ ಕಥೆ

ಕಾವಲಿನಷ್ಟೇ ಮುಖ್ಯವಾದ ಇನ್ನೊಂದು ಕೆಲಸವೂ ಅಲ್ಲಿ ಸದ್ದಿಲ್ಲದೆ ನಡೆಯುತ್ತಿದ್ದಿತು. ಗಾಳಿಬೋರೆಯಲ್ಲಿ ಯಾರು ಎಷ್ಟು ಗಂಟೆ ಗಾಳ ಹಾಕಿದರು, ಎಷ್ಟು ಮೀನು ಸಿಕ್ಕಿತು, ಅದರ ತೂಕವೆಷ್ಟು, ಅದು ಯಾವ ಬಗೆಯದು ಎಂಬುದನ್ನು ಬರೆದಿಡುತ್ತಿದ್ದರು. ಈ ಬರಹಕ್ಕೆ ವಿಜ್ಞಾನದಲ್ಲಿ ಬಹಳ ಬೆಲೆಯುಂಟು. ಏಕೆಂಬುದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯೋಣ. ಒಂದು ವರ್ಷ ೨೦೦ ಗಂಟೆಗಳ ಶ್ರಮಕ್ಕೆ ೫೦ ಮೀನು ಸಿಕ್ಕಿತೆನ್ನಿ; ಮರುವರ್ಷ ೪೦೦ ಗಂಟೆಗೆ ೬೦ ಮೀನು. ಮೀನು ಹೆಚ್ಚಿತೆಂದು ಹಿಗ್ಗಬಹುದೆ? ಕೂಡದು. ಮೊದಲ ವರ್ಷ ಗಂಟೆಗೆ ೦.೨೫ ಮೀನು, ಎರಡನೆಯ ವರ್ಷ ೦.೧೫ ಮಾತ್ರ. ಶ್ರಮದಿಂದ ಭಾಗಿಸಿದಾಗಲೇ ಹೊಳೆಯ ನಿಜಸ್ಥಿತಿ ಹೊರಬೀಳುತ್ತದೆ.

೧೯೯೮ರಿಂದ ೨೦೧೨ರವರೆಗಿನ ಈ ಲೆಕ್ಕವನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ಎಂಬ ವಿಜ್ಞಾನಿಗಳು ಪರಿಶೀಲಿಸಿ ೨೦೧೫ರಲ್ಲಿ ಪ್ರಕಟಿಸಿದರು. ೨೩,೦೦೦ಕ್ಕೂ ಹೆಚ್ಚು ಗಂಟೆಗಳ ಶ್ರಮ, ೬,೦೦೦ಕ್ಕೂ ಹೆಚ್ಚು ಮಹಶೀರ್! ಗಂಟೆಗೆ ಸಿಕ್ಕುವ ಮೀನಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು. ಸರಾಸರಿ ತೂಕ ಇಳಿದಿತ್ತು. ಎಂದರೆ, ಎಳೆಯ ಮೀನುಗಳು ಹೆಚ್ಚಾಗಿದ್ದವು. ಕಾವಲು ಫಲಿಸಿತೆಂದು ಯಾರಾದರೂ ಸಂತೋಷಪಡತಕ್ಕದ್ದೇ.

ಆದರೆ ಬಗೆಯನ್ನು ಬೇರ್ಪಡಿಸಿ ನೋಡಿದಾಗ ಆತಂಕಕಾರಿಯಾದ ಸಂಗತಿ ಕಂಡುಬಂದಿತು. ಏರಿದ ಸಂಖ್ಯೆಯೆಲ್ಲ ನೀಲಿ ರೆಕ್ಕೆಯ ಮಹಶೀರಿನದು. ಇದು ಕಾವೇರಿಯ ಮೂಲನಿವಾಸಿಯಲ್ಲ. ಲೋಣಾವಳದ ಮರಿ ಸಾಕಣೆಯ ಕೇಂದ್ರದಲ್ಲಿ ಬೆಳೆಸಿದ ಮರಿಗಳನ್ನು ಸದುದ್ದೇಶದಿಂದಲೇ ತಂದು ಇಲ್ಲಿ ಬಿಟ್ಟಿದ್ದರು. ಕಾವೇರಿಯ ಸ್ವಂತ ಮೀನಾದ, ಬೆನ್ನು ಉಬ್ಬಿದ, ಕಿತ್ತಳೆ ರೆಕ್ಕೆಯ ಮಹಶೀರ್ ಮಾತ್ರ ಅದೇ ಅವಧಿಯಲ್ಲಿ ಕ್ಷೀಣಿಸುತ್ತ ಬಂದಿತ್ತು. ವಿಚಿತ್ರವೆಂದರೆ, ಲೋಕಪ್ರಸಿದ್ಧವಾದ ಈ ಮೀನಿಗೆ ಆಗಿನ್ನೂ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಕೇರಳದ ಪಾಂಬಾರ್ ಹೊಳೆಯ ಮೀನಿಗೆ ಇಟ್ಟಿದ್ದ ಟಾರ್ ರೆಮಾದೇವಿಯೈ ಎಂಬ ಹೆಸರೇ ಇದಕ್ಕೂ ಸಲ್ಲುತ್ತದೆಂದು ೨೦೧೮ರಲ್ಲಿ ನಿರ್ಣಯವಾಯಿತು. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಸಾಲಿಗೆ ಸೇರಿತು. ನಾಮಕರಣವೂ ಮರಣಭಯವೂ ಒಟ್ಟಿಗೇ ಬಂದವು!

ಲೆಕ್ಕ ನಿಂತಿತು

೨೦೧೨ರ ಸುಮಾರಿಗೆ ಕಾವೇರಿ ವನ್ಯಧಾಮದಲ್ಲಿ ಗಾಳ ಹಾಕುವುದು ನಿಂತುಹೋಯಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಪ್ರಾಣಿಯನ್ನು ಹಿಡಿಯುವುದೂ ಬೇಟೆಯೇ; ಮೀನನ್ನು ಮರಳಿ ಬಿಟ್ಟರೂ ಹಿಡಿದದ್ದು ಹಿಡಿದದ್ದೇ ಎಂದು ಅರ್ಥೈಸಲಾಯಿತು. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಕೊಕ್ಕೆ ಚುಚ್ಚುವುದರಿಂದ ಮೀನಿಗೆ ಬಾಧೆಯಾಗುವುದು ನಿಜ. ಅಭಯಾರಣ್ಯದಲ್ಲಿ ಮೃಗಪಕ್ಷಿಗಳಿಗೆ ಇರುವ ಅಭಯ ಮೀನಿಗೇಕೆ ಬೇಡ? ಆದರೆ ಇನ್ನೊಂದು ಮಾತನ್ನೂ ಮರೆಯಬಾರದು. ಗಾಳದೊಡನೆ ಲೆಕ್ಕದ ಪುಸ್ತಕವೂ ಮುಚ್ಚಿತು. ಗಾಳದ ಆಸೆಯಿಂದ ಹೊಳೆಗೆ ಬರುತ್ತಿದ್ದವರಿಗೆ ಬರಲು ಕಾರಣವೇ ಉಳಿಯಲಿಲ್ಲ. ಗಾಳ ನಿಂತ ಜಾಗದಲ್ಲಿ ಬೇರೊಂದು ಬಗೆಯ ಎಣಿಕೆಯನ್ನು ಆಗಲೇ ತೊಡಗಿದ್ದರೆ ಹದಿನಾಲ್ಕು ವರ್ಷಗಳ ಸರಪಳಿ ಕಡಿಯುತ್ತಿರಲಿಲ್ಲ.

ಸೇವಕರು ಏಕೆ ಕಡಮೆಯಾಗುತ್ತಾರೆ?

ಕಾಯಿದೆಯಿಲ್ಲದ ಕಡೆಯೂ ಇಂತಹ ಸಂಘಗಳು ಸೊರಗುವುದುಂಟು. ಹೊಳೆಯನ್ನು ಶುಚಿಗೊಳಿಸುವ ದಿನ ನೂರು ಜನ ಬಂದು ಭಾವಚಿತ್ರ ತೆಗೆಸಿಕೊಳ್ಳುತ್ತಾರೆ; ಮರುತಿಂಗಳು ಹತ್ತು ಮಂದಿ; ಆಮೇಲೆ ಕಾರ್ಯದರ್ಶಿಯೊಬ್ಬನೇ. ಇದು ಜನರ ದುರ್ಗುಣವೆಂದು ಬೈದು ಸುಮ್ಮನಾಗುವುದು ಸುಲಭ. ಆದರೆ ವಿಜ್ಞಾನ ಇಲ್ಲಿಯೂ ಸ್ವಲ್ಪ ಬೆಳಕು ಚೆಲ್ಲಿದೆ.

೧೯೬೮ರಲ್ಲಿ ಅಮೆರಿಕದ ಡಾರ್ಲಿ ಮತ್ತು ಲಾಟಾನೆ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ನಡೆಸಿದರು. ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ ಧ್ವನಿಯಂತ್ರದ ಮೂಲಕ ಮಾತನಾಡಲು ಹೇಳಿದರು. ನಡುವೆ ಒಬ್ಬನಿಗೆ ಮೂರ್ಛೆ ಬಂದಂತೆ ಧ್ವನಿ ಕೇಳಿಸಿತು. ಕೇಳುತ್ತಿರುವವನು ತಾನೊಬ್ಬನೇ ಎಂದು ನಂಬಿದ್ದವರಲ್ಲಿ ನೂರಕ್ಕೆ ೮೫ ಮಂದಿ ಆ ಧ್ವನಿ ನಿಲ್ಲುವುದರೊಳಗೆ ಸಹಾಯ ಕೋರಲು ಎದ್ದರು. ತನ್ನೊಡನೆ ಇನ್ನೂ ನಾಲ್ವರು ಕೇಳುತ್ತಿದ್ದಾರೆಂದು ನಂಬಿದ್ದವರಲ್ಲಿ ಎದ್ದವರು ೩೧ ಮಂದಿ ಮಾತ್ರ. ಅವರು ಕಟುಕರಲ್ಲ, ಹೊಣೆ ಐದು ಪಾಲಾಗಿ ಹಂಚಿಹೋಗಿತ್ತು, ಅಷ್ಟೆ. ಹೊಳೆಯ ವಿಷಯವೂ ಹಾಗೆಯೇ. ಅದು ಎಲ್ಲರದೆಂದು ಹೇಳಿದಷ್ಟೂ ಒಬ್ಬೊಬ್ಬರ ಪಾಲಿನ ಹೊಣೆ ತೆಳುವಾಗುತ್ತದೆ.

ಇದಕ್ಕೆ ಪ್ರತಿಯಾಗಿ ಶೃಂಗೇರಿಯ ತುಂಗೆಯನ್ನು ನೋಡಿ. ಅಲ್ಲಿಯ ಮೀನುಗಳಿಗೆ ಭಕ್ತರು ಕಡಲೆಪುರಿ ಹಾಕದ ದಿನವಿಲ್ಲ. ಎಲ್ಲರೆದುರು ಅಲ್ಲಿ ಬಲೆ ಬೀಸುವ ಧೈರ್ಯ ಯಾರಿಗುಂಟು? ಪ್ರತಿದಿನ ಬಂದು ನೋಡುವ ಕಣ್ಣುಗಳೇ ಆ ಮೀನುಗಳ ಕಾವಲು. ಆದರೆ ಈ ಕಾವಲಿಗೂ ಮಿತಿಯಿದೆ. ೧೯೯೬ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ದೇವರಮೀನುಗಳಿಗೆ ದುಷ್ಟರು ವಿಷವಿಕ್ಕಿದಾಗ ಸಾವಿರಾರು ಮೀನುಗಳು ಸತ್ತವು. ಎಚ್ಚರ ಒಂದು ದಿನವೂ ತಪ್ಪಬಾರದೆಂಬುದಕ್ಕೆ ಅದು ಸಾಕ್ಷಿ.

ನಮ್ಮ ಕೈಯಲ್ಲಾಗುವುದು

ಹಾಗಾದರೆ ಸಂಘಕ್ಕೆ ಬೇಕಾದುದು ದೊಡ್ಡ ಗುಂಪಲ್ಲ; ಚಿಕ್ಕದಾದ, ಹೆಸರು ಹಿಡಿದು ಒಪ್ಪಿಸಿದ, ತಪ್ಪದೆ ನಡೆಯುವ ಕೆಲಸ. ಬ್ರಿಟನ್ನಿನ ಗಾಳದ ಸಂಘಗಳವರು ೨೦೦೭ರಿಂದ ಇಂತಹುದೊಂದು ಪದ್ಧತಿಯನ್ನು ನಡೆಸುತ್ತ ಬಂದಿದ್ದಾರೆ. ತಿಂಗಳಿಗೊಮ್ಮೆ ಗೊತ್ತಾದ ಜಾಗದಲ್ಲಿ ನಿಂತು, ಮೂರು ನಿಮಿಷ ಕಾಲಿನಿಂದ ತಳದ ಕಲ್ಲುಗಳನ್ನು ಕೆದಕಿ, ತೇಲಿಬರುವ ಹುಳುಗಳನ್ನು ಬಲೆಯಲ್ಲಿ ಹಿಡಿದು ಎಣಿಸುತ್ತಾರೆ. ಮೇಫ್ಲೈ, ಕ್ಯಾಡಿಸ್‌ಫ್ಲೈ, ಸ್ಟೋನ್‌ಫ್ಲೈ ಎಂಬ ಕೀಟಗಳ ಮರಿಗಳು ಕೊಳೆಯನ್ನು ಸಹಿಸಲಾರವು. ಅವುಗಳ ಸಂಖ್ಯೆ ಥಟ್ಟನೆ ಇಳಿದರೆ ಮೇಲೆಲ್ಲೋ ಮಲಿನ ನೀರು ಸೇರಿತೆಂದೇ ಅರ್ಥ. ಕೂಡಲೇ ಅಧಿಕಾರಿಗಳಿಗೆ ಸುದ್ದಿ ಹೋಗುತ್ತದೆ. ಇದಕ್ಕೆ ಗಾಳವೂ ಬೇಡ, ಕೊಕ್ಕೆಯೂ ಬೇಡ.

ನಮ್ಮಲ್ಲಿ ಈ ಕೆಲಸಕ್ಕೆ ಕ್ಷೇತ್ರ ಬೇಕಾದಷ್ಟಿದೆ. ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿ ಕನಕಪುರದ ಬಳಿ ಅರ್ಕಾವತಿಯನ್ನು ಸೇರುತ್ತದೆ; ಅರ್ಕಾವತಿ ಅದನ್ನು ಕಾವೇರಿಗೆ ಒಪ್ಪಿಸುತ್ತದೆ. ಪ್ರೌಢಶಾಲೆಯ ಅಥವಾ ಕಾಲೇಜಿನ ನಾಲ್ವರು ವಿದ್ಯಾರ್ಥಿಗಳು ಒಬ್ಬ ಉಪಾಧ್ಯಾಯರೊಡನೆ ಸೇರಿದರೆ ಕೆಲಸ ಪ್ರಾರಂಭಿಸಬಹುದು. ಒಬ್ಬನು ಉಷ್ಣಮಾಪಕದಿಂದ ನೀರಿನ ಉಷ್ಣತೆಯನ್ನು ನೋಡಲಿ. ೨೦ ಡಿಗ್ರಿ ಸೆಂಟಿಗ್ರೇಡಿನ ಒಂದು ಲೀಟರು ನೀರು ಸುಮಾರು ೯ ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದು. ೩೦ ಡಿಗ್ರಿಯಲ್ಲಿ ಸುಮಾರು ಏಳೂವರೆ ಮಾತ್ರ. ಮತ್ತೊಬ್ಬಳು ಸೇತುವೆಯ ಮೇಲಿನಿಂದ ಬಿಳಿಯ ತಟ್ಟೆಯೊಂದನ್ನು ಗುರುತು ಮಾಡಿದ ಹಗ್ಗದಲ್ಲಿ ಇಳಿಬಿಟ್ಟು, ಅದು ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆಂದು ಅಳೆಯಲಿ. ೧೮೬೫ರಲ್ಲಿ ಇಟಲಿಯ ಸೆಕ್ಕಿ ಎಂಬ ಖಗೋಳಜ್ಞ ಕಡಲಿನ ತಿಳಿತನವನ್ನು ಅಳೆದುದು ಹೀಗೆಯೇ. ಮೂರನೆಯವನು ದಡದಲ್ಲಿ ಮೀನು ಹಿಡಿದು ಜೀವಿಸುವವರನ್ನು ವಿಚಾರಿಸಿ, ಎಷ್ಟು ಗಂಟೆಗೆ ಯಾವ ಮೀನು ಎಷ್ಟು ಸಿಕ್ಕಿತೆಂದು ಕೇಳಲಿ. ನಾಲ್ಕನೆಯವಳು ಎಲ್ಲವನ್ನೂ ದಿನಾಂಕ ಸಹಿತ ಬರೆಯಲಿ. ಆಳಕ್ಕೆ ಇಳಿಯುವುದು ಯಾರಿಗೂ ಸಲ್ಲದು. ಕಾವೇರಿಯ ಸುಳಿಗಳು ಈಜು ಬಲ್ಲವರನ್ನೂ ಬಿಟ್ಟಿಲ್ಲ. ಕೊಳಚೆ ಸೇರಿದ ನೀರನ್ನು ಬರಿಗೈಯಲ್ಲಿ ಮುಟ್ಟುವುದೂ ಬೇಡ.

ಒಂದು ತಿಂಗಳ ಲೆಕ್ಕ ಏನನ್ನೂ ಹೇಳಲಾರದು. ಹತ್ತು ವರ್ಷಗಳ ಲೆಕ್ಕ ಹೊಳೆಯ ಚರಿತ್ರೆಯಾಗುತ್ತದೆ. ವಿದ್ಯಾರ್ಥಿಗಳು ಓದು ಮುಗಿಸಿ ಊರು ಬಿಡುವುದು ಸಹಜ. ಆದುದರಿಂದ ಹೋಗುವವರು ಪುಸ್ತಕವನ್ನು ಕೆಳಗಿನ ತರಗತಿಯವರ ಕೈಗಿತ್ತು, ಅಳೆಯುವ ಕ್ರಮವನ್ನು ತೋರಿಸಿಕೊಟ್ಟು ಹೋಗಬೇಕು. ಬೆನ್ನು ಉಬ್ಬಿದ ಮಹಶೀರ್ ಕ್ಷೀಣಿಸುತ್ತಿದೆಯೆಂದು ನಮಗೆ ತಿಳಿದದ್ದು ಯಾರೋ ಪ್ರತಿದಿನ ಬೇಸರಿಸದೆ ತೂಕವನ್ನೂ ಬಗೆಯನ್ನೂ ಬರೆದಿಟ್ಟುದರಿಂದ. ಆ ಬರಹವಿಲ್ಲದಿದ್ದರೆ ಮೀನು ಹೆಚ್ಚುತ್ತಿದೆಯೆಂದು ನಂಬಿಕೊಂಡೇ ನಾವು ಅದನ್ನು ಕಳೆದುಕೊಳ್ಳುತ್ತಿದ್ದೆವು.