ಕೊಳ್ಳೇಗಾಲದಿಂದ ಕಾವಲೂರಿಗೆ

ಖಗೋಳಶಾಸ್ತ್ರಜ್ಞನಾಗಬೇಕೆಂದು ಹನೂರಿನ ಅಥವಾ ಯಳಂದೂರಿನ ಹುಡುಗನೊಬ್ಬನು ಹಂಬಲಿಸಿದರೆ, ಅದೆಲ್ಲ ದೂರದೇಶದವರ ಕಸುಬೆಂದು ಮನೆಯ ಹಿರಿಯರು ನಿಟ್ಟುಸಿರಿಟ್ಟಾರು. ಆದರೆ ಚರಿತ್ರೆಯ ಸಾಕ್ಷ್ಯ ಬೇರೆಯೇ ಆಗಿದೆ. 1956ರವರೆಗೆ ಕೊಳ್ಳೇಗಾಲ ಸೀಮೆಯು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ಅದೇ ಜಿಲ್ಲೆಯ ಅವಿನಾಶಿಯಲ್ಲಿ 1871ರ ಡಿಸೆಂಬರ್ 12ರ ಪೂರ್ಣ ಸೂರ್ಯಗ್ರಹಣವನ್ನು ವೀಕ್ಷಿಸಲು ಮದರಾಸು ವೇಧಶಾಲೆಯ ಪೋಗ್ಸನ್ನರು ಬೀಡುಬಿಟ್ಟಿದ್ದರು. ಆ ವೇಧಶಾಲೆಯಲ್ಲಿ ಅವರ ಪ್ರಥಮ ಸಹಾಯಕರಾಗಿದ್ದವರು ಚಿಂತಾಮಣಿ ರಘುನಾಥಾಚಾರ್ಯರು. ಪಂಚಾಂಗಕರ್ತರ ಮನೆತನದಲ್ಲಿ ಹುಟ್ಟಿ, ಮದರಾಸು ವಿಶ್ವವಿದ್ಯಾಲಯವು ಸ್ಥಾಪನೆಯಾಗುವುದಕ್ಕೂ ಮೊದಲೇ ವೇಧಶಾಲೆಯ ಕೆಲಸಕ್ಕೆ ಸೇರಿ, ದುರ್ಬೀನಿನ ಬಳಿಯೇ ವಿದ್ಯೆಯನ್ನು ಸಂಪಾದಿಸಿದ ಈ ಮಹನೀಯರು 1867ರಲ್ಲಿ ‘ಆರ್ ರೆಟಿಕ್ಯುಲೈ’ ಎಂಬ ಚರಕಾಂತಿಯ ನಕ್ಷತ್ರವನ್ನು ಕಂಡುಹಿಡಿದರು. 1874ರ ಶುಕ್ರಸಂಕ್ರಮವನ್ನು ಕುರಿತು ಜನಸಾಮಾನ್ಯರಿಗಾಗಿ ಅವರು ರಚಿಸಿದ ಪುಸ್ತಿಕೆಯು ಕನ್ನಡದಲ್ಲಿಯೂ ಪ್ರಕಟವಾಯಿತು.

ಇಂದಿನ ಮಾರ್ಗವು ಹೆಚ್ಚು ಸುದೀರ್ಘವಾದದ್ದು. ಭೌತಶಾಸ್ತ್ರ, ಗಣಿತಗಳಲ್ಲಿ ಪದವಿ, ಮೈಸೂರಿನಂಥ ಕಡೆ ಎಂ.ಎಸ್ಸಿ., ಅನಂತರ ಪ್ರವೇಶ ಪರೀಕ್ಷೆ, ಸಂದರ್ಶನಗಳನ್ನು ದಾಟಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಂಥಲ್ಲಿ ಐದಾರು ವರ್ಷಗಳ ಸಂಶೋಧನೆ, ಆ ಬಳಿಕವೂ ದೇಶಾಂತರಗಳಲ್ಲಿ ತಾತ್ಕಾಲಿಕ ನೌಕರಿ: ಖಾಯಂ ಹುದ್ದೆ ದೊರೆಯುವಷ್ಟರಲ್ಲಿ ಒಡಹುಟ್ಟಿದವರ ಮಕ್ಕಳು ಶಾಲೆಗೆ ಹೋಗುತ್ತಿರುತ್ತಾರೆ.

ಕೊಳ್ಳೇಗಾಲಕ್ಕೆ ಬಹುಮಟ್ಟಿಗೆ ಸಮಾನವಾದ ಅಕ್ಷಾಂಶದಲ್ಲಿ, ತಮಿಳುನಾಡಿನ ಜವಾದಿ ಬೆಟ್ಟಗಳ ನಡುವೆ ಆ ಸಂಸ್ಥೆಯ ಕಾವಲೂರು ವೇಧಶಾಲೆಯಿದೆ. ಖಗೋಳಶಾಸ್ತ್ರಜ್ಞ ವೇಣು ಬಾಪು ಅವರು ಆರಿಸಿದ ಈ ತಾಣದಲ್ಲಿಯೇ 1977ರ ಮಾರ್ಚ್ 10ರ ರಾತ್ರಿ, ಯುರೇನಸ್ಸು ನಕ್ಷತ್ರವೊಂದನ್ನು ಸಮೀಪಿಸಿದಾಗ ಆ ನಕ್ಷತ್ರದ ಬೆಳಕು ಕ್ಷಣಕಾಲ ಕುಗ್ಗಿದ್ದನ್ನು ದಾಖಲಿಸಲಾಯಿತು. ಆ ಗ್ರಹದ ಉಂಗುರಗಳ ಸುಳಿವು ಜಗತ್ತಿಗೆ ಸಿಕ್ಕಿದ ರಾತ್ರಿಯದು. ಇಂಥ ರಾತ್ರಿ ಜೀವಮಾನಕ್ಕೊಮ್ಮೆ ಬಂದರೂ ಪುಣ್ಯ. ಉಳಿದ ರಾತ್ರಿಗಳ ದಿನಚರಿ ಹೀಗೆ: ಸಂಜೆ ಕ್ಯಾಮೆರಾದ ಪಾತ್ರೆಗೆ ದ್ರವ ಸಾರಜನಕವನ್ನು ಹೊಗೆಯಾಡುತ್ತಿರುವಂತೆಯೇ ತುಂಬಬೇಕು, ಸಂವೇದಕದ ಕಣಕಣದ ಸೂಕ್ಷ್ಮತೆಯಲ್ಲಿರುವ ತಾರತಮ್ಯವನ್ನು ಅಳೆಯಲು, ನಕ್ಷತ್ರಗಳು ಮೂಡುವ ಮೊದಲೇ ಬರಿಯ ಸಂಧ್ಯಾಕಾಶದ ಚಿತ್ರಗಳನ್ನು ಹಿಡಿಯಬೇಕು, ಆಮೇಲೆ ಬೆಳಗಾಗುವವರೆಗೆ ಎವೆಯಿಕ್ಕದೆ ಕುಳಿತಿರಬೇಕು. ತಿಂಗಳುಗಳ ಮುಂಚೆ ಅರ್ಜಿ ಬರೆದು, ಸಮಿತಿಯೆದುರು ಕಾರಣ ಒಪ್ಪಿಸಿ ಪಡೆದ ಎರಡು ಮೂರು ರಾತ್ರಿಗಳಿಗೆ ಮೋಡ ಕವಿದರೆ ಆ ನಷ್ಟಕ್ಕೆ ಪರಿಹಾರವೆಂಬುದಿಲ್ಲ.

ಈಗೀಗ ಲಡಾಖಿನ ಹಾನ್ಲೆಯಲ್ಲಿ ಸುಮಾರು 4500 ಮೀಟರು ಎತ್ತರದಲ್ಲಿರುವ ದೂರದರ್ಶಕವನ್ನು ಹೊಸಕೋಟೆಯ ಕೊಠಡಿಯಿಂದಲೇ, ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಇದರಿಂದ ವೀಕ್ಷಣೆಯ ರಸವೇ ಹೋಯಿತೆಂದು ಹಲುಬುವವರೊಡನೆ ನನಗೆ ಸಹಮತವಿಲ್ಲ; ಏಕೆಂದರೆ ಈ ವೃತ್ತಿಯ ಬಹುಭಾಗವು ಎಂದಿನಿಂದಲೂ ಮೇಜಿನ ಮುಂದೆಯೇ ಕಳೆಯುತ್ತ ಬಂದಿದೆ. ಒಂದು ರಾತ್ರಿಯ ಬೆಳಕನ್ನು ಶೋಧಿಸಿ ಲೇಖನವಾಗಿಸಲು ಎಷ್ಟೋ ತಿಂಗಳುಗಳು ಬೇಕು. ಹುದ್ದೆಗಳು ವಿರಳವಾದ್ದರಿಂದ ಕೆಲವರು ಕಾಲೇಜುಗಳಲ್ಲಿ ಅಧ್ಯಾಪಕರಾಗುತ್ತಾರೆ, ಕೆಲವರು ಲೆಕ್ಕಾಚಾರದ ಕೌಶಲವನ್ನು ನೆಚ್ಚಿ ಸಾಫ್ಟ್‌ವೇರ್ ಕಂಪನಿಗಳನ್ನು ಸೇರುತ್ತಾರೆ. ಅಂಥವರಲ್ಲೊಬ್ಬರು ಹನೂರಿನಾಚೆಯ ಕತ್ತಲಲ್ಲಿ ಸಣ್ಣ ದುರ್ಬೀನನ್ನಿಟ್ಟು, ರಘುನಾಥಾಚಾರ್ಯರಂತೆ ಚರಕಾಂತಿಯ ನಕ್ಷತ್ರಗಳನ್ನು ಅಳೆಯುತ್ತ ಹೋದರೆ, ಆ ಅಂಕಿಗಳನ್ನು ಸ್ವೀಕರಿಸಿ ಜೋಪಾನ ಮಾಡುವ ಅಂತರರಾಷ್ಟ್ರೀಯ ಸಂಘಗಳು ಇಂದಿಗೂ ಇವೆ.