ಲಾಲಾಗ್ರಂಥಿಗಳ ನಿರಪಾಯ ಗೆಡ್ಡೆಗಳು

ವೈದ್ಯಕೀಯ ಪರಿಭಾಷೆಯಲ್ಲಿ ‘ನಿರಪಾಯ’ ಎಂಬ ಪದವು ಗೆಡ್ಡೆಯೊಂದು ದೇಹದ ಬೇರೆಡೆಗೆ ಹರಡದೆ ಇದ್ದಲ್ಲಿಯೇ ಬೆಳೆಯುವುದೆಂಬುದನ್ನಷ್ಟೇ ಸೂಚಿಸುತ್ತದೆ. ಚಿಕಿತ್ಸೆ ಅನಗತ್ಯವೆಂಬ ಅರ್ಥ ಅದಕ್ಕಿಲ್ಲ. ಜೊಲ್ಲನ್ನು ಸ್ರವಿಸುವ ಲಾಲಾಗ್ರಂಥಿಗಳ ವಿಷಯದಲ್ಲಿ ಈ ವ್ಯತ್ಯಾಸವು ವಿಶೇಷ ಮಹತ್ವ ಪಡೆಯುತ್ತದೆ.

ಮನುಷ್ಯನಲ್ಲಿ ಮೂರು ಜೊತೆ ದೊಡ್ಡ ಲಾಲಾಗ್ರಂಥಿಗಳಿವೆ. ಕಿವಿಯ ಮುಂಭಾಗದಲ್ಲಿ ಪೆರೋಟಿಡ್ ಗ್ರಂಥಿಯೂ ಕೆಳದವಡೆಯ ಹಾಗೂ ನಾಲಗೆಯ ಅಡಿಯಲ್ಲಿ ಉಳಿದೆರಡೂ ಇವೆ. ತುಟಿ, ಅಂಗುಳ, ಕೆನ್ನೆಯ ಒಳಪದರಗಳಲ್ಲಿ ನೂರಾರು ಕಿರುಗ್ರಂಥಿಗಳು ಹರಡಿಕೊಂಡಿವೆ. ಗೆಡ್ಡೆಗಳಲ್ಲಿ ಬಹುಪಾಲು ಪೆರೋಟಿಡ್‌ನಲ್ಲಿ ಕಾಣಿಸಿಕೊಳ್ಳುತ್ತವೆ. ಅವುಗಳಲ್ಲಿ ನೂರಕ್ಕೆ ಸುಮಾರು 80 ನಿರಪಾಯ. ಗ್ರಂಥಿ ಚಿಕ್ಕದಾದಷ್ಟೂ ಗೆಡ್ಡೆಯು ಮಾರಕವಾಗಿರುವ ಸಂಭವ ಹೆಚ್ಚು.

ನಿರಪಾಯ ಗೆಡ್ಡೆಗಳಲ್ಲಿ ಪ್ಲಿಯೋಮಾರ್ಫಿಕ್ ಅಡಿನೋಮಾ ಅತಿ ಸಾಮಾನ್ಯವಾದುದು. ಕಿವಿಯ ಹಾಲೆಯ ಕೆಳಗೆ ನೋವಿಲ್ಲದ, ಬೆರಳಿಗೆ ಜರುಗುವ ಗಂಟಾಗಿ ಆರಂಭವಾಗಿ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಮಂಗನಬಾವು ಜ್ವರ ಹಾಗೂ ನೋವಿನೊಡನೆ ಬಂದು ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಈ ಗಂಟು ಇಳಿಯುವುದಿಲ್ಲ. ಇನ್ನೊಂದು ಬಗೆಯಾದ ವಾರ್ಥಿನ್ ಗೆಡ್ಡೆಯು ಧೂಮಪಾನಿಗಳಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಕೆಲವರಲ್ಲಿ ಎರಡೂ ಕಡೆ ಬೆಳೆಯುತ್ತದೆ.

ನೋವಿಲ್ಲದಿರುವುದೇ ನಿರ್ಲಕ್ಷ್ಯಕ್ಕೆ ಕಾರಣವಾಗುತ್ತದೆ. ಅಡಿನೋಮಾವನ್ನು ಹಲವು ವರ್ಷ ಹಾಗೆಯೇ ಬಿಟ್ಟರೆ ಅದು ಕ್ಯಾನ್ಸರಾಗಿ ಮಾರ್ಪಡುವ ಸಂಭವವು ಕಾಲಕ್ರಮದಲ್ಲಿ ಏರುತ್ತದೆ. ಗಂಟು ಹಠಾತ್ತನೆ ಬೆಳೆದರೆ, ನೋವು ಕಾಣಿಸಿದರೆ ಅಥವಾ ಮುಖದ ಒಂದು ಪಾರ್ಶ್ವ ಸೋತರೆ ಮಾರಕ ಬದಲಾವಣೆಯನ್ನು ಶಂಕಿಸಬೇಕು.

ಚಿಕಿತ್ಸೆಯ ಕ್ಲಿಷ್ಟತೆ ಬೇರೆಡೆ ಇದೆ. ಅಡಿನೋಮಾದ ಹೊರಪೊರೆ ಎಲ್ಲೆಡೆ ಪೂರ್ಣವಾಗಿರದೆ, ಗೆಡ್ಡೆಯ ಕಿರುಚಾಚುಗಳು ಅದರಾಚೆಗೂ ಇರುತ್ತವೆ. ಗಂಟನ್ನು ಮಾತ್ರ ಸುಲಿದು ತೆಗೆದರೆ ಉಳಿದ ಕಣಗಳಿಂದ ಅದು ಅನೇಕ ಗಂಟುಗಳಾಗಿ ಮರುಕಳಿಸುತ್ತದೆ. ಆದ್ದರಿಂದ ಸುತ್ತಲಿನ ಗ್ರಂಥಿಭಾಗವನ್ನೂ ಸೇರಿಸಿ ತೆಗೆಯುವುದು ಕ್ರಮ. ಆದರೆ ಕಣ್ಣುಮುಚ್ಚಲು, ನಗಲು ನೆರವಾಗುವ ಮುಖನರವು ಇದೇ ಗ್ರಂಥಿಯೊಳಗೆ ಕವಲೊಡೆಯುತ್ತದೆ. ಆ ಕವಲುಗಳನ್ನು ಗುರುತಿಸಿ ಉಳಿಸುವುದೇ ಶಸ್ತ್ರಕ್ರಿಯೆಯ ಸಾರ. ಮರುಕಳಿಸಿದ ಗೆಡ್ಡೆಯಲ್ಲಿ ಕಲೆಗಟ್ಟಿದ ಅಂಗಾಂಶದ ನಡುವೆ ನರವನ್ನು ಹುಡುಕುವುದು ಕಠಿಣವಾಗುವುದರಿಂದ ಮೊದಲ ಶಸ್ತ್ರಕ್ರಿಯೆಯೇ ನಿರ್ಣಾಯಕ.

ಇದಕ್ಕೆ ಮೊದಲು ಸೂಕ್ಷ್ಮಸೂಜಿಯಿಂದ ಜೀವಕೋಶಗಳನ್ನು ತೆಗೆದು ಪರೀಕ್ಷಿಸಬೇಕು, ಸ್ಕ್ಯಾನಿಂಗ್ ನಡೆಸಬೇಕು. ರೋಗನಿದಾನ ತಜ್ಞರೂ ಶಸ್ತ್ರವೈದ್ಯರೂ ಜೊತೆಗೂಡಿ ದುಡಿಯಬೇಕಾದ ಇಂಥ ಕಾರ್ಯಕ್ಕೆ ಬೋಧನಾಸ್ಪತ್ರೆಗಳು ತಕ್ಕ ಸ್ಥಳಗಳು. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಳಿ, ಬಾಲಗಂಗಾಧರನಾಥ ನಗರದಲ್ಲಿ 1986ರಲ್ಲಿ ಆರಂಭವಾದ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ಅಂಥದೊಂದು ಗ್ರಾಮೀಣ ಕೇಂದ್ರ. ತಜ್ಞರು ಹಳ್ಳಿಗಳ ಸಮೀಪಕ್ಕೆ ಬಂದಿರುವಾಗ, ಕಿವಿಯ ಕೆಳಗಿನ ಗಂಟು ಕಿರಿದಾಗಿರುವಾಗಲೇ ಅವರ ಕಣ್ಣಿಗೆ ಬೀಳುವಂತೆ ಮಾಡುವುದು ಪ್ರಾಥಮಿಕ ಆರೋಗ್ಯ ಕಾರ್ಯಕರ್ತರ ಮುಂದಿರುವ ಕೆಲಸ.