ಮುಟ್ಟಿದವರಿಗೆ ಒಲಿಯುವ ತೊಗಲು

ಕಾರಹುಣ್ಣಿಮೆ ಹತ್ತಿರವಾದಂತೆ ಯಾದಗಿರಿ ಜಿಲ್ಲೆಯ ಹುಣಸಗಿ, ಸುರಪುರ, ಕೆಂಭಾವಿ ಸೀಮೆಯಲ್ಲಿ ಎತ್ತಿನ ಸಿಂಗಾರದ ಸಾಮಾನಿಗೆ ಬೇಡಿಕೆ ಏರುತ್ತದೆ. ಗೊಂಡೆ, ಮಗಡ, ಕೋಡಣಸು, ಮೂಗುದಾರ, ಗೆಜ್ಜೆಸರ. ನೈಲಾನು, ರೆಕ್ಸಿನ್ನುಗಳ ನಡುವೆ ಎಲ್ಲಾದರೂ ಅಪ್ಪಟ ತೊಗಲಿನ ಕೊರಳಪಟ್ಟಿ ಸಿಕ್ಕರೆ ಕೈಗೆತ್ತಿಕೊಂಡು ನೋಡಬೇಕು. ಒಂದೊಂದು ಗೆಜ್ಜೆಯ ಬುಡಕ್ಕೂ ಸಣ್ಣ ಬಾರಿನ ಗಂಟು, ಅಂಚಿನುದ್ದಕ್ಕೂ ಆರಿಯಿಂದ ಚುಚ್ಚಿದ ಸಮಸಮ ತೂತು, ನಡುವೆ ಬಣ್ಣದ ತೊಗಲಿನ ಹೂವು. ಕಾಗದದ ಮೇಲೆ ನಕ್ಷೆ ಬರೆದುಕೊಂಡು ಮಾಡಿದ್ದಲ್ಲ, ಎಲ್ಲ ಕೈಯಳತೆಯಲ್ಲೇ ಮೂಡಿದ್ದು.

ಇದೇ ವಿದ್ಯೆಯನ್ನು ಈಗ ಊರೂರುಗಳಲ್ಲಿ ಕೆಲವರು ಹವ್ಯಾಸವಾಗಿ ಕಲಿಯುತ್ತಿದ್ದಾರೆ. ಪಾಕೀಟು, ಬೆಲ್ಟು, ಪುಸ್ತಕದ ಹೊದಿಕೆ, ಬಗಲಚೀಲಗಳ ಮೇಲೆ ಬಳ್ಳಿ, ಹೂವು, ನವಿಲು ಮೂಡಿಸುತ್ತಾರೆ. ನಮ್ಮ ಸೀಮೆಯಲ್ಲಿ ಈ ಹವ್ಯಾಸಕ್ಕೆ ಬೇರೆಯದೇ ತೂಕವಿದೆ. ತೊಗಲು ಮುಟ್ಟಬೇಕಾದವರು ಇಂಥವರೇ ಎಂದು ಜಾತಿ ಗೆರೆ ಎಳೆದ ನೆಲ ಇದು. ಬಾವಿಯ ಬಾನಿ, ಮಿಣಿ, ಬಾರುಕೋಲು, ಕಾಲಮರಿ, ಹಲಗೆ ಎಂದು ಊರಿಗೆ ಬೇಕಾದುದನ್ನೆಲ್ಲ ಮಾಡಿಕೊಟ್ಟವರಿಗೆ ರಾಶಿಯ ಕಾಲಕ್ಕೆ ಒಂದಿಷ್ಟು ಆಯದ ಜೋಳ ಸಿಕ್ಕಿತು, ಕಸುಬಿಗೆ ಸಲ್ಲಬೇಕಾದ ಮರ್ಯಾದೆ ಸಿಗಲಿಲ್ಲ. ಯಾವ ಓಣಿಯ ಹುಡುಗ ಹುಡುಗಿಯರೇ ಆಗಲಿ, ಇಷ್ಟಪಟ್ಟು ಆರಿ ಹಿಡಿದು ಕೂತರೆ ಆ ಗೆರೆ ಅಷ್ಟರಮಟ್ಟಿಗೆ ಅಳಿಸುತ್ತದೆ.

ಜಾತಿಗಿಂತ ಹಳೆಯ ಕೆಲಸ

ಹುಣಸಗಿ ಸಮೀಪದ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು 1990ರ ದಶಕದ ಕೊನೆಯಲ್ಲಿ ಉತ್ಖನನ ನಡೆಸಿದರು. ಸುಣ್ಣಕಲ್ಲಿನ ಹಾಸುಗಳಿಂದ ಆದಿಮಾನವರು ಕೈಗೊಡಲಿ, ಕತ್ತಿ, ಹೆರೆಗಲ್ಲುಗಳನ್ನು ಮಾಡಿಕೊಳ್ಳುತ್ತಿದ್ದ ಜಾಗ ಅದು. ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲುಗಳ ಪರೀಕ್ಷೆಯಿಂದ ಅದರ ವಯಸ್ಸು ಸುಮಾರು 12 ಲಕ್ಷ ವರ್ಷ ಎಂದು ತಿಳಿದುಬಂತು. ಹೆರೆಗಲ್ಲುಗಳನ್ನು ಬೇಟೆಯ ತೊಗಲು ಹೆರೆಯಲು ಬಳಸುತ್ತಿದ್ದರು ಎಂಬುದು ಪುರಾತತ್ತ್ವಜ್ಞರ ಸಾಮಾನ್ಯ ಅಭಿಪ್ರಾಯ. ಆ ಕಾಲಕ್ಕೆ ತೊಗಲಿಗೆ ಜಾತಿ ಇರಲಿಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಈ ಕಸುಬಿಗೆ ಮರ್ಯಾದೆ ತಂದುಕೊಟ್ಟರು. ಡೋಹರ ಕಕ್ಕಯ್ಯ, ಮಾದಾರ ಧೂಳಯ್ಯ ಇಬ್ಬರೂ ತೊಗಲಿನ ನಂಟಿನವರೇ. ಬಸವಣ್ಣನವರು ತಮಗೆ ಮರಳಿ ನಮಸ್ಕರಿಸಿದರೆಂದು ಸಮಗಾರ ಹರಳಯ್ಯ ಮತ್ತು ಆತನ ಮಡದಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ಒಪ್ಪಿಸಿದ ಕಥೆ ಕಲ್ಯಾಣದ ಸೀಮೆಯಲ್ಲಿ ಗೊತ್ತಿಲ್ಲದವರಿಲ್ಲ. ಅದೇ ಹರಳಯ್ಯನ ಮಗನಿಗೂ ಬ್ರಾಹ್ಮಣನಾದ ಮಧುವರಸನ ಮಗಳಿಗೂ ನಡೆದ ಮದುವೆಗೆ ಕಲ್ಯಾಣವೇ ಹೊತ್ತಿ ಉರಿಯಿತು. ಕಾಯಕ ದೊಡ್ಡದೆಂದು ಒಪ್ಪಿದವರೂ ಕಾಯಕದವರನ್ನು ಮನೆಯೊಳಗೆ ಕರೆಯಲು ಹಿಂಜರಿದ ಆ ಸಂಕಟ ಇನ್ನೂ ಪೂರ್ತಿ ತೀರಿಲ್ಲ.

ಹದ ಬಂದ ತೊಗಲು

ಕುಸುರಿಗೆ ಎಲ್ಲ ತೊಗಲೂ ಬಾರದು. ಅಂಗಡಿಯ ಮೆತ್ತನೆ ಬ್ಯಾಗು, ಜಾಕೀಟುಗಳ ಚರ್ಮ ಬಹುಪಾಲು ಕ್ರೋಮಿಯಂ ಲವಣದಲ್ಲಿ ಹದಗೊಂಡದ್ದು. ಅದರ ಮೇಲೆ ಅಚ್ಚೊತ್ತಿದರೆ ಗುರುತು ನಿಲ್ಲುವುದಿಲ್ಲ. ಜಾಲಿ, ತಂಗಡಿಯ ತೊಗಟೆ, ಅಳಲೆಕಾಯಿಗಳ ಒಗರಿನಲ್ಲಿ ದಿನಗಟ್ಟಲೆ ನೆನೆದು ಹದಗೊಂಡ ತೊಗಲೇ ಬೇಕು. ನಸುಗೆಂಪು ಬಣ್ಣದ ಈ ತೊಗಲು ಕೈಬಳಕೆಯಿಂದಲೂ ಬಿಸಿಲಿನಿಂದಲೂ ವರ್ಷ ಕಳೆದಂತೆ ಕಪ್ಪುಗೆಂಪಾಗಿ ಮಾಗುತ್ತದೆ.

ಕೆಲಸ ಶುರುವಾಗುವುದು ನೀರಿನಿಂದ. ಸ್ಪಂಜು ಅದ್ದಿ ಮೇಲ್ಮೈಯನ್ನು ಒದ್ದೆ ಮಾಡಿ ಸುಮ್ಮನೆ ಬಿಡಬೇಕು. ತೊಗಲು ಮೊದಲು ಕಪ್ಪಿಟ್ಟು, ಬಳಿಕ ನಿಧಾನವಾಗಿ ತನ್ನ ಬಣ್ಣಕ್ಕೆ ಮರಳುತ್ತದೆ. ಬಣ್ಣ ಮರಳಿದ್ದರೂ ಮುಟ್ಟಿದರೆ ಇನ್ನೂ ತಂಪಾಗಿರುವ ಹೊತ್ತೇ ಸರಿಯಾದ ಹದ. ರೊಟ್ಟಿಯ ಹಿಟ್ಟಿನಂತೆ ಇದನ್ನೂ ಕೈಯೇ ಹೇಳಬೇಕು. ಆಗ ಸಣ್ಣ ಚಾಕುವಿನಿಂದ ಗೆರೆಯನ್ನು ಅರ್ಧ ದಪ್ಪದಷ್ಟೂ ಇಳಿಯದಂತೆ ಕೊಯ್ದು, ಗೆರೆಯ ಹೊರಬದಿಯನ್ನು ಅಚ್ಚಿನಿಂದ ಬಡಿದು ತಗ್ಗಿಸಿದರೆ ಒಳಗಿನ ಹೂವು ತಾನಾಗಿ ಮೇಲೇಳುತ್ತದೆ. ಅಚ್ಚು ಹೊಡೆಯಲು ಕಬ್ಬಿಣದ ಸುತ್ತಿಗೆ ಬೇಡ, ಮರದ ಕೊಡತಿ ಸಾಕು.

ಕಪ್ಪು ಬಣ್ಣವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ವಿನಿಗರಿನಲ್ಲಿ ಕಬ್ಬಿಣದ ಚೂರುಗಳನ್ನು ಕೆಲವು ದಿನ ನೆನೆಹಾಕಿ, ಆ ನೀರನ್ನು ಸೋಸಿ ತೊಗಲಿಗೆ ಹಚ್ಚಿದರೆ ತೊಗಟೆಯ ಒಗರೂ ಕಬ್ಬಿಣವೂ ಕೂಡಿ ಕ್ಷಣದಲ್ಲಿ ಕಡುಗಪ್ಪಾಗುತ್ತದೆ. ಬಣ್ಣ ಮೇಲೆ ಕೂರದೆ ತೊಗಲಿನೊಳಗೇ ಹುಟ್ಟುವುದರಿಂದ ಸುಲಭಕ್ಕೆ ಉದುರುವುದಿಲ್ಲ. ಹೊಲಿಗೆಗೆ ಜೇನುಮೇಣ ಸವರಿದ ದಾರದ ಎರಡು ತುದಿಗೂ ಸೂಜಿ ಪೋಣಿಸಿ, ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ದಾಟಿಸುತ್ತಾರೆ. ಒಂದು ಕಡೆ ದಾರ ಸವೆದು ಹರಿದರೂ ಇನ್ನೊಂದು ಹಿಡಿದಿರುತ್ತದೆ.

ಅಥಣಿಯ ಹೆಣಿಗೆ, ಮೋರನಾಳದ ಬಣ್ಣ

ಸಿಂಗರಿಸಿದ ತೊಗಲು ನಮಗೆ ಹೊರಗಿನಿಂದ ಬಂದದ್ದಲ್ಲ. ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ ಭಾಗದಲ್ಲಿ ಮಾಡುವ ಕೊಲ್ಹಾಪುರಿ ಚಪ್ಪಲಿಯಲ್ಲಿ ಮೊಳೆ ಇರುವುದಿಲ್ಲ, ಅಟ್ಟೆಯನ್ನು ತೊಗಲಿನ ಎಳೆಯಿಂದಲೇ ಹೊಲಿಯುತ್ತಾರೆ. ಮೇಲಿನ ಪಟ್ಟಿಯ ಜಡೆಹೆಣಿಗೆ, ಕುಸುರಿ ಹೆಚ್ಚಾಗಿ ಹೆಂಗಸರ ಕೈಕೆಲಸ. 2019ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮನ್ನಣೆ ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಆ ಪಟ್ಟಿಯಲ್ಲಿವೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನಲ್ಲಿ ಇದೇ ಬಗೆಯ ಚಪ್ಪಲಿ ತೋರಿಸಿ ಮೂಲವನ್ನು ಹೆಸರಿಸದೆ ಹೋದಾಗ ಇಲ್ಲಿ ಎದ್ದ ಆಕ್ಷೇಪ ನ್ಯಾಯವಾದದ್ದು. ಕಂಪನಿ ಆಮೇಲೆ ಮೂಲವನ್ನು ಒಪ್ಪಿಕೊಂಡಿತು.

ಕೊಪ್ಪಳ ಜಿಲ್ಲೆಯ ಮೋರನಾಳದ, ತೊಗಲುಗೊಂಬೆಯಾಟದ ಶಿಳ್ಳೇಕ್ಯಾತರು ಆಡಿನ ತೊಗಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಹೆರೆದು, ಬಣ್ಣ ತುಂಬಿ, ಒಡವೆಯ ಜಾಗದಲ್ಲಿ ಸಣ್ಣ ರಂಧ್ರ ಕೊರೆದು ರಾಮಾಯಣ, ಮಹಾಭಾರತದ ಬೊಂಬೆ ಮಾಡುತ್ತಾರೆ. ದೀಪದ ಮುಂದೆ ಹಿಡಿದಾಗ ಆ ರಂಧ್ರಗಳೇ ಮುತ್ತು ರತ್ನಗಳಾಗಿ ಹೊಳೆಯುತ್ತವೆ. ಅಲ್ಲಿನ ಹಿರಿಯ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು.

ಹವ್ಯಾಸದಿಂದ ಬದುಕಿಗೆ

ಹವ್ಯಾಸ ಏನು ಮಾಡಬಲ್ಲದು ಎಂಬುದಕ್ಕೆ ಬಂಗಾಳದ ಉದಾಹರಣೆ ಇದೆ. ರವೀಂದ್ರನಾಥ ಠಾಕೂರರ ಮಗ ರಥೀಂದ್ರನಾಥ ಮತ್ತು ಸೊಸೆ ಪ್ರತಿಮಾದೇವಿ ಯುರೋಪಿನಲ್ಲಿ ತೊಗಲಿನ ಕುಸುರಿ ಕಲಿತು ಬಂದು ಶಾಂತಿನಿಕೇತನದ ಪಕ್ಕದ ಶ್ರೀನಿಕೇತನದಲ್ಲಿ ಅದನ್ನು ಬೆಳೆಸಿದರು. ದೊಡ್ಡ ಮನೆತನದವರು ಸಂಕೋಚವಿಲ್ಲದೆ ಮುಟ್ಟಿದ ಆ ಕೆಲಸ ಸುತ್ತಲ ಹಳ್ಳಿಗಳಿಗೆ ಜೀವನೋಪಾಯವಾಯಿತು. ಶಾಂತಿನಿಕೇತನದ ಚರ್ಮದ ಸಾಮಾನಿಗೂ ಈಗ ಭೌಗೋಳಿಕ ಸೂಚಿಕೆ ಇದೆ.

ಇಲ್ಲಿ ಶುರು ಮಾಡುವವರಿಗೆ ದೊಡ್ಡ ಬಂಡವಾಳ ಬೇಡ. ತೊಗಲು ಕೊಯ್ಯುವ ರಂಪಿಗೆ, ಆರಿ, ಕೊಡತಿ, ಎರಡು ಸೂಜಿ, ನಾಲ್ಕಾರು ಅಚ್ಚು, ಒಂದು ತುಂಡು ತೊಗಲು. ಮೊದಲ ಕೆಲಸಕ್ಕೆ ಎತ್ತಿನ ಕೊರಳಪಟ್ಟಿಯೇ ಒಳ್ಳೆಯದು, ನೇರ ಅಂಚು, ಸರಳ ಹೊಲಿಗೆ. ಹೂಬಳ್ಳಿಯ ಮಾದರಿಗೆ ಕಸೂತಿಯೂ ರಂಗೋಲಿಯೂ ಮನೆಯಲ್ಲೇ ಇವೆ. 1976ರಲ್ಲಿ ಶುರುವಾದ ರಾಜ್ಯದ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ ಲಿಡ್ಕರ್ ಕುಶಲಕರ್ಮಿಗಳಿಗೆ ತರಬೇತಿ ಕೊಡುತ್ತದೆ. ಅಂಥದೊಂದು ಶಿಬಿರ ಹುಣಸಗಿಯಲ್ಲಿ ಎಲ್ಲರಿಗೂ ತೆರೆದು ನಡೆಯಲಿ, ಕಲಿಸುವ ಗುರುಗಳು ಊರಿನ ಕಸುಬುದಾರರೇ ಆಗಲಿ.

ಹವ್ಯಾಸಿಗಳು ಮರೆಯಬಾರದ ಮಾತೊಂದಿದೆ. ರಂಪಿಗೆ ಹಿಡಿಯುವ ಬಗೆಯನ್ನು ವೀಡಿಯೊ ತೋರಿಸಬಹುದು. ಆದರೆ ತೊಗಲಿನ ಬೆನ್ನು ಯಾವುದು, ಹೊಟ್ಟೆಭಾಗ ಯಾವುದು, ಯಾವ ಕಡೆ ಎಳೆದರೆ ಜಗ್ಗುತ್ತದೆ ಎಂಬುದನ್ನು ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವ ಹಿರಿಯರು ಬೆರಳಲ್ಲೇ ಬಲ್ಲರು. ಅವರ ಪಕ್ಕದಲ್ಲಿ ಕೂತು ಕಲಿಯಬೇಕು, ಕಲಿಸಿದ್ದಕ್ಕೆ ಗುರುದಕ್ಷಿಣೆ ಎಂದೇ ಹಣ ಕೊಡಬೇಕು, ಯಾರಿಂದ ಕಲಿತೆವೆಂದು ಕೇಳಿದವರಿಗೆ ಅವರ ಹೆಸರು ಹೇಳಬೇಕು. ಹೀಗೆ ಕಲಿತ ಕೈ ಮಾಡಿದ ಸಣ್ಣ ಪಾಕೀಟಿಗೂ ಹರಳಯ್ಯನ ಕಾಯಕದ ಜೊತೆ ನಂಟು ಹೇಳಿಕೊಳ್ಳುವ ಹಕ್ಕಿದೆ.